ಬೆಲೆ ಮತ್ತು ಪ್ರಮಾಣದ ಬೀಜಗಣಿತ ಲೆಕ್ಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟರಿಂದ ಹತ್ತನೇ ತರಗತಿವರೆಗಿನ ಮಕ್ಕಳು, ಮನೆಯಲ್ಲಿ ಅವರಿಗೆ ಪಾಠ ಹೇಳಿಕೊಡುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಪಠ್ಯಪುಸ್ತಕದಲ್ಲಿ ಎಕ್ಸ್, ವೈ ಎಂದಿರುವ ಕಡೆ ಇಲ್ಲಿ ಅ, ಬ ಎಂದಿದೆ. ದರಗಳೆಲ್ಲ ಲೆಕ್ಕಕ್ಕೆಂದು ಇಟ್ಟುಕೊಂಡವು; ಈ ಬೆಲೆಗೆ ಕಾಫಿಪುಡಿ ಕೊಡಿ ಎಂದು ಅಂಗಡಿಯಲ್ಲಿ ಕೇಳಬೇಡಿ.

ಸಮೀಕರಣ ಕೊಟ್ಟರೆ ಬಿಡಿಸುತ್ತೇನೆ. ಲೆಕ್ಕ ಓದಿ ಸಮೀಕರಣ ಬರೆಯಲು ಮಾತ್ರ ಆಗುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಕೊನೆಯ ವಾಕ್ಯದಿಂದ. ಏನು ಕೇಳಿದ್ದಾರೆ ಎನ್ನುವುದು ಬಹುತೇಕ ಅಲ್ಲೇ ಇರುತ್ತದೆ. ಕೇಳಿದ್ದಕ್ಕೆ ಅಕ್ಷರ ಇಡಿ, ಜೊತೆಗೆ ಅದರ ಮಾನವನ್ನೂ ಬರೆಯಿರಿ: ರೂಪಾಯಿಯೋ, ಕೆಜಿಯೋ, ಬರೀ ಎಣಿಕೆಯೋ. ಆಮೇಲೆ ಲೆಕ್ಕವನ್ನು ಮೊದಲಿನಿಂದ ಓದಿ.

ಇಂಥ ಲೆಕ್ಕಗಳ ಬೆನ್ನೆಲುಬು ಒಂದೇ: ದರ × ಪ್ರಮಾಣ = ಮೊತ್ತ. ಒಂದು ಉದಾಹರಣೆ. ಜಾತ್ರೆಯ ನಾಟಕಕ್ಕೆ ನೆಲದ ಟಿಕೆಟ್ 50 ರೂ., ಕುರ್ಚಿಯ ಟಿಕೆಟ್ 80 ರೂ. ಒಟ್ಟು 240 ಟಿಕೆಟ್ ಮಾರಾಟವಾಗಿ 14,100 ರೂ. ಬಂತು. ಕುರ್ಚಿಯ ಟಿಕೆಟ್ ಎಷ್ಟು ಹೋದವು?

ನೆಲದ ಟಿಕೆಟ್‌ಗಳ ಸಂಖ್ಯೆ ಅ, ಕುರ್ಚಿಯವುಗಳ ಸಂಖ್ಯೆ ಬ ಎಂದಿಟ್ಟುಕೊಂಡರೆ ಎರಡು ಸಾಲು ಸಿಗುತ್ತವೆ.

ಎಣಿಕೆಯ ಸಾಲು: ಅ + ಬ = 240
ಹಣದ ಸಾಲು: 50ಅ + 80ಬ = 14100

ಮೊದಲ ಸಾಲಿನ ಪ್ರತಿ ಪದವೂ ಟಿಕೆಟ್‌ಗಳ ಎಣಿಕೆ. ಎರಡನೆಯದರ ಪ್ರತಿ ಪದವೂ ರೂಪಾಯಿ. ಅ + ಬ = 14100 ಎಂದು ಬರೆದವರು ಟಿಕೆಟ್ ಕೂಡಿಸಿ ರೂಪಾಯಿ ತಂದಿರುತ್ತಾರೆ. ಒಂದೇ ಸಾಲಿನಲ್ಲಿ ಎಣಿಕೆಯೂ ಹಣವೂ ಬೆರೆತಿದ್ದರೆ ಮುಂದಕ್ಕೆ ಹೋಗಬೇಡಿ. ತಪ್ಪು ಆಗಲೇ ಆಗಿದೆ. ಬರೆದ ಪ್ರತಿ ಪದದ ಕೆಳಗೂ ಪೆನ್ಸಿಲ್‌ನಲ್ಲಿ ‘ರೂ.’ ಅಥವಾ ‘ಎಣಿಕೆ’ ಎಂದು ಗುರುತು ಹಾಕುವ ಅಭ್ಯಾಸ ಒಂದು ವಾರ ಮಾಡಿದರೆ ಈ ತಪ್ಪು ಬಹುಮಟ್ಟಿಗೆ ನಿಲ್ಲುತ್ತದೆ.

ಬಿಡಿಸುವುದು ಸುಲಭ. ಮೊದಲ ಸಾಲನ್ನು 50ರಿಂದ ಗುಣಿಸಿ: 50ಅ + 50ಬ = 12000. ಹಣದ ಸಾಲಿನಿಂದ ಕಳೆದರೆ 30ಬ = 2100, ಬ = 70. ಕುರ್ಚಿ 70, ನೆಲ 170. ತಾಳೆ: 170 × 50 = 8500, 70 × 80 = 5600, ಒಟ್ಟು 14,100.

ಇದೇ ಲೆಕ್ಕವನ್ನು ಅಕ್ಷರವಿಲ್ಲದೆ ಬಾಯಲ್ಲೇ ಮಾಡುತ್ತಾರಲ್ಲ, ಹೇಗೆ?

ಎಲ್ಲರೂ ನೆಲದಲ್ಲೇ ಕೂತಿದ್ದರು ಎಂದುಕೊಳ್ಳಿ. ಆಗ 240 × 50 = 12,000 ಬರಬೇಕಿತ್ತು. ಬಂದದ್ದು 2,100 ಹೆಚ್ಚು. ಒಬ್ಬ ನೆಲ ಬಿಟ್ಟು ಕುರ್ಚಿಗೆ ಹೋದರೆ 30 ರೂ. ಹೆಚ್ಚುತ್ತದೆ. 2100 ÷ 30 = 70. ಇದು ಮೇಲೆ ಮಾಡಿದ ಲೆಕ್ಕವೇ, ಅಕ್ಷರ ಬಿಟ್ಟಿದ್ದೇವೆ ಅಷ್ಟೆ. ಸ್ಪರ್ಧಾತ್ಮಕ ಪರೀಕ್ಷೆಗೆ ಹೇಳಿಮಾಡಿಸಿದ ದಾರಿ. ಶಾಲೆಯ ಪರೀಕ್ಷೆಯಲ್ಲಿ ಸಮೀಕರಣ ಬರೆಯಿರಿ ಎಂದು ಕೇಳಿದ್ದರೆ ಬರೆಯಲೇಬೇಕು.

‘ಪೆನ್ = ಅ’ ಎಂದು ಬರೆದರೆ ಏನು ತಪ್ಪು?

ಪೆನ್ ವಸ್ತು, ಅ ಸಂಖ್ಯೆ. ಪೆನ್ನಿನ ಬೆಲೆ ಅ ಆಗಬಹುದು, ಪೆನ್ನುಗಳ ಸಂಖ್ಯೆ ಅ ಆಗಬಹುದು. ಪೆನ್ನೇ ಅ ಆಗಲಾರದು. ಮೊದಲ ನೋಟಕ್ಕೆ ಇದು ಕೂದಲು ಸೀಳುವ ಮಾತಿನಂತೆ ಕಾಣುತ್ತದೆ. ಆದರೆ ಈ ಅಧ್ಯಾಯದ ತಪ್ಪುಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಇಲ್ಲೇ.

‘ಪೆನ್ನುಗಳು ಪುಸ್ತಕಗಳ ಮೂರು ಪಟ್ಟು ಇವೆ’ ಎಂಬ ವಾಕ್ಯ ನೋಡಿ. ಪೆನ್ನಿಗೆ ಪೆ, ಪುಸ್ತಕಕ್ಕೆ ಪು ಎಂದಿಟ್ಟ ವಿದ್ಯಾರ್ಥಿ ‘3ಪೆ = ಪು’ ಎಂದು ಬರೆಯುತ್ತಾನೆ. ಮೂರು ಪೆನ್ನಿಗೆ ಒಂದು ಪುಸ್ತಕ ಎಂಬ ಚಿತ್ರ ಅವನ ಕಣ್ಣ ಮುಂದಿದೆ, ಅಕ್ಷರ ಅವನಿಗೆ ವಸ್ತುವಿನ ಚೀಟಿ. ಪುಸ್ತಕ 10 ಇದ್ದರೆ ಪೆನ್ 30. 3 × 30 ಎಲ್ಲಿ, 10 ಎಲ್ಲಿ? ಸರಿಯಾದದ್ದು ಪೆ = 3ಪು. ಸಣ್ಣ ಸಂಖ್ಯೆ ಹಾಕಿ ನೋಡುವುದಕ್ಕೆ ಐದು ಸೆಕೆಂಡು ಸಾಕು.

ಆದ್ದರಿಂದಲೇ ವಸ್ತುವಿನ ಮೊದಲಕ್ಷರವನ್ನು ಚರಾಕ್ಷರವಾಗಿ ಇಡದಿರುವುದು ಒಳ್ಳೆಯದು. ನಮ್ಮ ಹಳೆಯ ಬೀಜಗಣಿತಕಾರರು ಇದರಲ್ಲಿ ಜಾಣರು. ಭಾಸ್ಕರಾಚಾರ್ಯರ ಬರವಣಿಗೆಯಲ್ಲಿ ಗೊತ್ತಿಲ್ಲದ ಮೊದಲ ರಾಶಿಗೆ ‘ಯಾವತ್ತಾವತ್’, ಅಂದರೆ ‘ಎಷ್ಟೋ ಅಷ್ಟು’ ಎಂದು ಹೆಸರು. ಮುಂದಿನವಕ್ಕೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು. ಬರೆಯುವಾಗ ಯಾ, ಕಾ, ನೀ, ಪೀ. ಮಾವಿನಹಣ್ಣಿಗೆ ನೀಲಕ ಎಂದರೆ ಯಾರೂ ಅದನ್ನು ಮಾವಿನಹಣ್ಣೆಂದೇ ತಿಳಿಯುವುದಿಲ್ಲವಲ್ಲ!

ಕೆಲವು ಲೆಕ್ಕಗಳಲ್ಲಿ ಬೆಲೆ ಸಹಗುಣಕವಾಗುತ್ತದೆ, ಕೆಲವದರಲ್ಲಿ ಸಂಖ್ಯೆ. ಗುರುತಿಸುವುದು ಹೇಗೆ?

ಅಕ್ಷರವನ್ನು ಗುಣಿಸುವ ಸಂಖ್ಯೆಯೇ ಸಹಗುಣಕ. ಗೊತ್ತಿರುವುದು ಸಹಗುಣಕ, ಗೊತ್ತಿಲ್ಲದ್ದು ಅಕ್ಷರ. ಟಿಕೆಟ್ ಲೆಕ್ಕದಲ್ಲಿ ದರ ಗೊತ್ತಿತ್ತು, ಎಣಿಕೆ ಬೇಕಿತ್ತು. ಇನ್ನೊಂದು ಬಗೆಯಲ್ಲಿ ಎಣಿಕೆ ಗೊತ್ತಿದ್ದು ದರ ಬೇಕಾಗಿರುತ್ತದೆ. ಆಗ ಎರಡೂ ಸಾಲು ಹಣದ ಸಾಲುಗಳೇ.

ಈ ಎರಡನೇ ಬಗೆಗೆ ಕನ್ನಡ ನೆಲದ್ದೇ ಹಳೆಯ ಉದಾಹರಣೆ ಇದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದ ಲೆಕ್ಕ ಅದು: 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣಿನ ಬೆಲೆ 107, 7 ಮಾದಲ ಮತ್ತು 9 ಬೇಲದ ಬೆಲೆ 101. ಒಂದೊಂದರ ಬೆಲೆ ಎಷ್ಟು?

9ಅ + 7ಬ = 107
7ಅ + 9ಬ = 101

ಸಹಗುಣಕಗಳು ಅದಲುಬದಲಾಗಿರುವುದು ಕಣ್ಣಿಗೆ ಬಿದ್ದರೆ ದೊಡ್ಡ ಗುಣಾಕಾರದ ಕೆಲಸವೇ ಇಲ್ಲ. ಕೂಡಿಸಿ: 16ಅ + 16ಬ = 208, ಅಂದರೆ ಅ + ಬ = 13. ಕಳೆಯಿರಿ: 2ಅ − 2ಬ = 6, ಅಂದರೆ ಅ − ಬ = 3. ಮಾದಲ 8, ಬೇಲ 5. ಮಹಾವೀರಾಚಾರ್ಯರು ಕೊಡುವ ಸೂತ್ರ ಬೇರೆ: ದೊಡ್ಡ ಮೊತ್ತವನ್ನು ದೊಡ್ಡ ಎಣಿಕೆಯಿಂದ ಗುಣಿಸು, ಅದರಲ್ಲಿ ಸಣ್ಣ ಮೊತ್ತ ಮತ್ತು ಸಣ್ಣ ಎಣಿಕೆಯ ಗುಣಲಬ್ಧ ಕಳೆ, ಎಣಿಕೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸು. 9 × 107 − 7 × 101 = 256; 81 − 49 = 32; 256 ÷ 32 = 8. ಈ ಸೂತ್ರ ಎಲ್ಲಿಂದ ಬಂತೆಂದು ಕಾಣಬೇಕಾದರೆ ಮೊದಲ ಸಾಲನ್ನು 9ರಿಂದ, ಎರಡನೆಯದನ್ನು 7ರಿಂದ ಗುಣಿಸಿ ಕಳೆದು ನೋಡಿ. ಬ ತಾನಾಗಿ ಹೋಗುತ್ತದೆ.

ಆದೇಶ ವಿಧಾನವೋ, ವರ್ಜಿಸುವ ವಿಧಾನವೋ?

ಒಂದು ಸಾಲಿನಿಂದ ಒಂದು ಅಕ್ಷರವನ್ನು ಬಿಡಿಸಿಕೊಂಡು ಇನ್ನೊಂದು ಸಾಲಿಗೆ ಹಾಕುವುದು ಆದೇಶ; ಸಾಲುಗಳನ್ನು ಗುಣಿಸಿ, ಕೂಡಿಸಿ ಅಥವಾ ಕಳೆದು ಒಂದು ಅಕ್ಷರವನ್ನು ಹೋಗಲಾಡಿಸುವುದು ವರ್ಜಿಸುವುದು. ಯಾವುದಾದರೂ ಸಾಲಿನಲ್ಲಿ ಸಹಗುಣಕ 1 ಇದ್ದರೆ ಆದೇಶ. ಇಲ್ಲದಿದ್ದರೆ ವರ್ಜಿಸುವುದು ಒಳ್ಳೆಯದು, ಯಾಕೆಂದರೆ ಆದೇಶದಲ್ಲಿ ಭಿನ್ನರಾಶಿ ಬಂದು ಕೈ ತಪ್ಪುತ್ತದೆ. ನಕ್ಷೆ ಎಳೆದು ಬಿಡಿಸುವುದು, ಹಾಗೆ ಕೇಳಿದ್ದರೆ ಮಾತ್ರ.

ವರ್ಜಿಸುವಾಗ ಎಲ್ಲಿ ಎಡವುತ್ತಾರೆಂದು ನೋಡೋಣ. 4 ನೋಟ್‌ಬುಕ್ ಮತ್ತು 3 ಪೆನ್ನಿಗೆ 185 ರೂ.; 3 ನೋಟ್‌ಬುಕ್ ಮತ್ತು 5 ಪೆನ್ನಿಗೆ 180 ರೂ. ಮೊದಲ ಸಾಲನ್ನು 3ರಿಂದ, ಎರಡನೆಯದನ್ನು 4ರಿಂದ ಗುಣಿಸಿದರೆ

12ಅ + 9ಬ = 555
12ಅ + 20ಬ = 720

ಕೆಳಗಿನಿಂದ ಮೇಲಿನದು ಕಳೆದರೆ 11ಬ = 165, ಬ = 15, ಅ = 35. ಎಡಗಡೆ ಗುಣಿಸಿ ಬಲಗಡೆ ಮರೆತವರಿಗೆ 11ಬ = −5 ಬರುತ್ತದೆ. ಪೆನ್ ಕೊಂಡರೆ ಅಂಗಡಿಯವನೇ ಎದುರು ದುಡ್ಡು ಕೊಡುವ ಉತ್ತರ! ಬೆಲೆ ಋಣವಾಗಿ ಬಂದರೆ ಮೊದಲು ಬಲಗಡೆಯ ಸಂಖ್ಯೆಗಳನ್ನು ನೋಡಿ, ಆಮೇಲೆ ಚಿಹ್ನೆಗಳನ್ನು. ಕಳೆಯುವಾಗ, ಯಾವ ಸಾಲನ್ನು ಕಳೆಯುತ್ತೀರೋ ಅದರ ಮೂರೂ ಚಿಹ್ನೆ ಬದಲಾಗಬೇಕು. ಮೊದಲನೆಯದನ್ನು ಬದಲಿಸಿ ಉಳಿದೆರಡನ್ನು ಬಿಡುವುದು ತೀರಾ ಸಾಮಾನ್ಯ. ಸಣ್ಣದರಿಂದ ದೊಡ್ಡದನ್ನು ಕಳೆಯುವ ಬದಲು ಮೇಲಿನಂತೆ ದೊಡ್ಡದರಿಂದ ಸಣ್ಣದನ್ನು ಕಳೆದರೆ ಋಣಚಿಹ್ನೆಯ ತಲೆನೋವು ಅರ್ಧ ಕಡಿಮೆ.

‘ಗಿಂತ’, ‘ಪಟ್ಟು’, ‘ರಂತೆ’, ‘ತಲಾ’: ಈ ಮಾತುಗಳನ್ನು ಗಣಿತಕ್ಕೆ ತರುವುದು ಹೇಗೆ?

‘ಪೆನ್ನಿನ ಬೆಲೆ ಪೆನ್ಸಿಲ್‌ ಬೆಲೆಯ ಎರಡು ಪಟ್ಟಿಗಿಂತ 5 ರೂ. ಕಡಿಮೆ’ ಎಂದಿದ್ದರೆ, ಕನ್ನಡದ ಪದಗಳ ಸಾಲನ್ನೇ ಹಿಡಿದು ಬರೆದರೂ ಸರಿಯಾಗುತ್ತದೆ: ಅ = 2ಬ − 5. ‘ಗಿಂತ’ಕ್ಕೆ ಮುಂಚೆ ಬಂದದ್ದೆಲ್ಲ ಬುಡ, ಆಮೇಲೆ ಬಂದದ್ದು ಅದಕ್ಕೆ ಕೂಡುವ ಅಥವಾ ಕಳೆಯುವ ಸಂಖ್ಯೆ. ಇಂಗ್ಲಿಷ್ ಮಾಧ್ಯಮದವರು ‘ಫೈವ್ ಲೆಸ್ ದ್ಯಾನ್’ ಎಂದು ಓದಿದ ಭರದಲ್ಲಿ 5 − 2ಬ ಬರೆದುಬಿಡುತ್ತಾರೆ. ಅಂಥವರು ವಾಕ್ಯವನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಂಡರೆ ಸಾಕು.

‘ಎರಡು ಪಟ್ಟು ಹೆಚ್ಚು’ ಎನ್ನುವುದು ಮಾತ್ರ ಜಗಳದ ಮಾತು. ಎರಡರಷ್ಟು ಎಂದೋ, ಮೂಲಕ್ಕೆ ಇನ್ನೂ ಎರಡರಷ್ಟು ಸೇರಿ ಮೂರರಷ್ಟು ಎಂದೋ? ಶಾಲೆಯ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಎರಡರಷ್ಟು ಎಂದೇ ಅರ್ಥ. ಪ್ರಶ್ನೆ ಬರೆಯುವ ಶಿಕ್ಷಕರು ‘ಹೆಚ್ಚು’ ಬಿಟ್ಟು ‘ಎರಡು ಪಟ್ಟು’ ಎಂದಷ್ಟೇ ಬರೆದರೆ ಎಲ್ಲರಿಗೂ ಉಪಕಾರ.

‘ತಲಾ 15 ರೂ.’, ‘ಕೆಜಿಗೆ 48ರಂತೆ’ ಎಂದರೆ ಗುಣಿಸಬೇಕು. ‘ಉಳಿದವು’ ಎಂದರೆ ಒಟ್ಟಿನಿಂದ ಕಳೆಯಬೇಕು. 60ರಲ್ಲಿ ಅ ಹೋದರೆ ಉಳಿದದ್ದು 60 − ಅ, ಅದಕ್ಕೆ ಇನ್ನೊಂದು ಅಕ್ಷರ ಬೇಡ. ‘500ರ ನೋಟು ಕೊಟ್ಟು 35 ರೂ. ವಾಪಸ್ ಪಡೆದಳು’ ಎಂದರೆ ಖರ್ಚು 465. ಸಮೀಕರಣದಲ್ಲಿ 500 ಬರೆದು ಮುಂದೆ ಹೋದವರಿಗೆ ಲೆಕ್ಕ ಸುಲಲಿತವಾಗಿ ಬಿಡಿಸಿಕೊಂಡು ತಪ್ಪು ಉತ್ತರ ಕೊಡುತ್ತದೆ.

‘10 ರೂಪಾಯಿಗೆ 4’ ಬಗೆಯ ಲೆಕ್ಕಗಳಲ್ಲಿ ಯಾವಾಗಲೂ ಗೊಂದಲ. ಯಾಕೆ?

ಒಂದರ ಬೆಲೆ ಎಂದಾಗ ಹಣ ಮೇಲೆ, ಎಣಿಕೆ ಕೆಳಗೆ. ‘10 ರೂಪಾಯಿಗೆ 4’ ಎಂದರೂ ‘4ಕ್ಕೆ 10 ರೂಪಾಯಿ’ ಎಂದರೂ ಒಂದರ ಬೆಲೆ 10/4. ಇಷ್ಟು ಗಟ್ಟಿಯಾದರೆ ಅರ್ಧ ಗೊಂದಲ ಮುಗಿಯಿತು. ಉಳಿದರ್ಧ ಸರಾಸರಿಯದು.

ಒಬ್ಬ ನಿಂಬೆಹಣ್ಣನ್ನು 10 ರೂಪಾಯಿಗೆ 4ರಂತೆ ಒಂದಿಷ್ಟು, 10 ರೂಪಾಯಿಗೆ 5ರಂತೆ ಅಷ್ಟೇ ಸಂಖ್ಯೆಯವು ಕೊಳ್ಳುತ್ತಾನೆ. ಎಲ್ಲ ಬೆರೆಸಿ 20 ರೂಪಾಯಿಗೆ 9ರಂತೆ ಮಾರುತ್ತಾನೆ. ಹತ್ತೂ ಹತ್ತೂ ಇಪ್ಪತ್ತು, ನಾಲ್ಕೂ ಐದೂ ಒಂಬತ್ತು. ಅಸಲು ಬಂತು ಎನ್ನಿಸುತ್ತದೆ. ಆದರೆ ಅವನಿಗೆ 10 ರೂ. ನಷ್ಟ. ಹಾಗಾದರೆ ಪ್ರತಿ ಬಗೆಯವು ಎಷ್ಟು ಕೊಂಡಿದ್ದ?

ಪ್ರತಿ ಬಗೆಯ ಸಂಖ್ಯೆ ಅ. ಕೊಂಡದ್ದು 10ಅ/4 + 10ಅ/5 = 9ಅ/2. ಮಾರಿದ್ದು 2ಅ × 20/9 = 40ಅ/9. ವ್ಯತ್ಯಾಸ 81ಅ/18 − 80ಅ/18 = ಅ/18. ಅದು 10 ಆದ್ದರಿಂದ ಅ = 180. ತಾಳೆ: ಕೊಂಡದ್ದು 450 + 360 = 810; ಮಾರಿದ್ದು 360 ಹಣ್ಣು, ಒಂಬತ್ತರ 40 ಗುಂಪು, 800 ರೂ.

ನಷ್ಟ ಎಲ್ಲಿಂದ ಬಂತು? ‘20ಕ್ಕೆ 9’ ಎನ್ನುವ ದರ ಅಸಲಿಗೆ ಸಮ ಆಗುವುದು ದುಬಾರಿ ಹಣ್ಣು 4 ಇದ್ದಾಗ ಅಗ್ಗದ್ದು 5 ಇದ್ದರೆ ಮಾತ್ರ. ಅವನು ಎರಡನ್ನೂ ಸಮನಾಗಿ ಕೊಂಡಿದ್ದ, ಅಂದರೆ ದುಬಾರಿ ಹಣ್ಣಿನ ಪಾಲು ಹೆಚ್ಚಾಯಿತು. ಎರಡು ಬಗೆಗೂ ಸಮ ಹಣ ಹಾಕಿದ್ದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಬೆರಕೆಯ ಲೆಕ್ಕಕ್ಕೆ ಸುಲಭ ದಾರಿ ಇದೆಯೇ?

ಕಾಫಿಪುಡಿ ಕೆಜಿಗೆ 800 ರೂ., ಚಿಕೋರಿ 200 ರೂ. ಬೆರಕೆ 620 ರೂ. ಬೀಳಬೇಕು, 10 ಕೆಜಿ ಬೇಕು. ಚಿಕೋರಿ ಅ ಕೆಜಿ ಎಂದರೆ ಕಾಫಿ 10 − ಅ.

200ಅ + 800(10 − ಅ) = 6200
8000 − 600ಅ = 6200
ಅ = 3

ಕಾಫಿ 7, ಚಿಕೋರಿ 3. ಬಾಯಿಲೆಕ್ಕದವರು ಬೆರಕೆಯ ದರದಿಂದ ಎರಡೂ ಕಡೆಯ ದೂರ ಅಳೆಯುತ್ತಾರೆ: 800 − 620 = 180 ಚಿಕೋರಿಯ ಪಾಲು, 620 − 200 = 420 ಕಾಫಿಯ ಪಾಲು; 180 : 420 ಅಂದರೆ 3 : 7. ದೂರಗಳು ಅಡ್ಡಡ್ಡ ಹೋಗುತ್ತವೆ ಎನ್ನುವುದನ್ನು ಮರೆತರೆ ಪಾಲು ತಿರುಗಾಮುರುಗಾ. ಬೆರಕೆಯ ಬೆಲೆ ಯಾವುದರ ಬೆಲೆಗೆ ಹತ್ತಿರವೋ ಅದರ ಪಾಲು ದೊಡ್ಡದು ಎಂದು ನೋಡಿಕೊಂಡರೆ ತಪ್ಪುವುದಿಲ್ಲ.

ಗ್ರಾಂ, ಡಜನ್, ಕ್ವಿಂಟಾಲ್ ಬಂದಾಗ?

ಸಮೀಕರಣ ಬರೆಯುವ ಮುಂಚೆಯೇ ಎಲ್ಲವನ್ನೂ ಒಂದೇ ಮಾನಕ್ಕೆ ತನ್ನಿ. ದರ ಕೆಜಿಗಾದರೆ 250 ಗ್ರಾಂ ಎಂದರೆ 1/4. ಅರ್ಧ ಡಜನ್ ಎಂದರೆ ಡಜನ್ ದರಕ್ಕೆ 1/2, ಒಂದರ ದರಕ್ಕೆ 6. ಅಡಿಕೆ, ಮೆಣಸಿನಕಾಯಿ, ರಾಗಿಯ ದರ ಮಾರುಕಟ್ಟೆಯಲ್ಲಿ ಕ್ವಿಂಟಾಲಿಗೆ ಹೇಳುತ್ತಾರೆ, ಅಂದರೆ 100 ಕೆಜಿಗೆ.

‘ದರ ಇಷ್ಟು ಕಡಿಮೆಯಾಗಿದ್ದರೆ ಇಷ್ಟು ಹೆಚ್ಚು ಸಿಗುತ್ತಿತ್ತು’ ಎನ್ನುವ ಲೆಕ್ಕ ಯಾಕೆ ವರ್ಗ ಸಮೀಕರಣವಾಗುತ್ತದೆ?

ದರವೂ ಗೊತ್ತಿಲ್ಲ, ಪ್ರಮಾಣವೂ ಗೊತ್ತಿಲ್ಲ, ಎರಡರ ಗುಣಲಬ್ಧ ಮಾತ್ರ ಗೊತ್ತು. ಗುಣಲಬ್ಧ ಬಂದಲ್ಲಿ ವರ್ಗ ಬರುತ್ತದೆ.

600 ರೂಪಾಯಿಗೆ ಸೇಬು ಕೊಂಡರು. ಕೆಜಿಗೆ 30 ರೂ. ಕಡಿಮೆ ಇದ್ದಿದ್ದರೆ ಅದೇ ದುಡ್ಡಿಗೆ 1 ಕೆಜಿ ಹೆಚ್ಚು ಬರುತ್ತಿತ್ತು. ದರ ಅ ಆದರೆ

600/(ಅ − 30) − 600/ಅ = 1

ಹೆಚ್ಚು ಪ್ರಮಾಣದಿಂದ ಕಡಿಮೆ ಪ್ರಮಾಣ ಕಳೆದಿದ್ದೇವೆ. ದರ ಇಳಿದಾಗ ಪ್ರಮಾಣ ಏರುತ್ತದೆ, ಆದ್ದರಿಂದ ಸಣ್ಣ ಛೇದವಿರುವುದೇ ದೊಡ್ಡ ಭಿನ್ನರಾಶಿ. ಇದನ್ನು ಹಿಂದುಮುಂದು ಮಾಡಿದರೆ ಚಿಹ್ನೆ ಕೆಡುತ್ತದೆ, ಉತ್ತರವೇ ಬರದೆ ಹೋಗುತ್ತದೆ. ಛೇದ ತೆಗೆದರೆ 18000 = ಅ² − 30ಅ, ಅಂದರೆ ಅ² − 30ಅ − 18000 = 0. ಅಪವರ್ತಿಸಿದರೆ (ಅ − 150)(ಅ + 120) = 0. ದರ 150 ರೂ.; 4 ಕೆಜಿ ಬಂದಿತ್ತು. 120 ಇದ್ದಿದ್ದರೆ 5 ಕೆಜಿ.

−120 ಯಾಕೆ ಬಂತೆಂದು ಕೆಲವರು ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. ಅ(ಅ − 30) = 18000 ಎಂದು ಬರೆದು ನೋಡಿ. 30 ಅಂತರವಿರುವ ಎರಡು ಸಂಖ್ಯೆಗಳ ಗುಣಲಬ್ಧ 18000: 150 × 120, ಇಲ್ಲವೇ (−120) × (−150). ಸಮೀಕರಣಕ್ಕೆ ಎರಡೂ ಒಂದೇ, ಬೆಲೆ ಋಣವಾಗದು ಎನ್ನುವುದು ಅದಕ್ಕೆ ತಿಳಿಯದು. ನಾವೇ ಕೈಬಿಡಬೇಕು. ಕೈಬಿಟ್ಟ ಸಂಖ್ಯೆಯ ಋಣಚಿಹ್ನೆ ತೆಗೆದರೆ ಇಳಿದ ದರ ಸಿಗುತ್ತದೆ, ತಾಳೆ ನೋಡಲು ಅನುಕೂಲ.

ಜಿಎಸ್‌ಟಿ ಸೇರಿದ ಬೆಲೆಯಿಂದ ಮೂಲ ಬೆಲೆ ತೆಗೆಯುವಾಗ ಉತ್ತರ ಸರಿಹೋಗುವುದಿಲ್ಲ.

18% ತೆರಿಗೆ ಸೇರಿ 1,062 ರೂ. ಎಂದರೆ 1,062ರ 18% ಕಳೆಯುವುದಲ್ಲ. ಹಾಗೆ ಮಾಡಿದರೆ 870.84 ಬರುತ್ತದೆ. ತೆರಿಗೆ ಹಾಕಿದ್ದು ಮೂಲ ಬೆಲೆಯ ಮೇಲೆ: 1.18ಅ = 1062, ಅ = 900. ಆ 900 ಕೂಡ 10% ರಿಯಾಯಿತಿ ಕಳೆದ ಬೆಲೆಯಾಗಿದ್ದರೆ ಮುದ್ರಿತ ಬೆಲೆ 0.9ಬ = 900ರಿಂದ 1,000. ಶೇಕಡಾ ಎಂದಾಗಲೆಲ್ಲ ‘ಯಾವುದರ ಶೇಕಡಾ’ ಎಂದು ಕೇಳಿಕೊಳ್ಳಿ.

ಉತ್ತರ ಭಿನ್ನರಾಶಿಯಾಗಿ ಬಂದರೆ ತಪ್ಪೇ?

ಬೆಲೆ, ತೂಕ ಆದರೆ ತಪ್ಪಲ್ಲ. ಎಣಿಕೆಯಾದರೆ ತಪ್ಪು. ಟಿಕೆಟ್ ಲೆಕ್ಕದಲ್ಲಿ ಮೊತ್ತ 14,110 ಎಂದು ತಪ್ಪಾಗಿ ನಕಲು ಮಾಡಿಕೊಂಡಿದ್ದರೆ 2110 ÷ 30 ಪೂರ್ಣ ಹೋಗುತ್ತಿರಲಿಲ್ಲ. ಆಗ ಕ್ರಮ ತಿದ್ದುವ ಮುಂಚೆ ಪ್ರಶ್ನೆಯ ಸಂಖ್ಯೆಗಳನ್ನೊಮ್ಮೆ ನೋಡಿ.

ಬಿಡಿಸುತ್ತಾ ಹೋದರೆ ಎರಡೂ ಅಕ್ಷರ ಮಾಯವಾಗಿ 0 = 0 ಅಥವಾ 0 = 10 ಬಂತು. ಈಗ?

2 ಪೆನ್, 3 ಪುಸ್ತಕಕ್ಕೆ 90 ರೂ.; 4 ಪೆನ್, 6 ಪುಸ್ತಕಕ್ಕೆ 180 ರೂ. ಎರಡನೆಯದು ಮೊದಲನೆಯದರ ದುಪ್ಪಟ್ಟು, ಹೊಸದೇನನ್ನೂ ಹೇಳುತ್ತಿಲ್ಲ. 0 = 0, ಪರಿಹಾರ ಅನಂತ. ಎರಡನೆಯದಕ್ಕೆ 170 ರೂ. ಎಂದಿದ್ದರೆ 0 = 10, ಪರಿಹಾರ ಇಲ್ಲ: ಎರಡೂ ಸಲ ಒಂದೇ ಬೆಲೆ ಇರಲು ಸಾಧ್ಯವಿಲ್ಲ. ಅಂಗಡಿಯಲ್ಲಿ ಹೀಗಾದರೆ ಅರ್ಥ ಸರಳ, ಹೆಚ್ಚು ಕೊಂಡದ್ದಕ್ಕೆ 10 ರೂ. ಬಿಟ್ಟಿದ್ದಾನೆ.

ಅಕ್ಷರ ಎರಡು, ಸಮೀಕರಣ ಒಂದೇ. ಬಿಡಿಸಬಹುದೇ?

ಎಣಿಕೆಗಳಾದರೆ ಎಷ್ಟೋ ಸಲ ಬಿಡಿಸಬಹುದು. 12 ರೂ. ನೋಟ್‌ಬುಕ್, 7 ರೂ. ಪೆನ್ಸಿಲ್, ಸರಿಯಾಗಿ 100 ರೂ. ಖರ್ಚು: 12ಅ + 7ಬ = 100. ನೋಟ್‌ಬುಕ್‌ಗಳ ಸಂಖ್ಯೆ ಅ ಎಂದಿಟ್ಟು, ಅದನ್ನು 0ಯಿಂದ 8ರವರೆಗೆ ಏರಿಸುತ್ತಾ ಉಳಿಯುವ ಹಣ ನೋಡಿ: 100, 88, 76, 64, 52, 40, 28, 16, 4. ಇದರಲ್ಲಿ 7ರಿಂದ ಭಾಗವಾಗುವುದು 28 ಒಂದೇ. ನೋಟ್‌ಬುಕ್ 6, ಪೆನ್ಸಿಲ್ 4, ಬೇರೆ ಉತ್ತರ ಇಲ್ಲ. ಸಂಖ್ಯೆಗಳು ದೊಡ್ಡವಾದರೆ ಹೀಗೆ ಒಂದೊಂದಾಗಿ ನೋಡುವುದು ಬೇಸರದ ಕೆಲಸ. ಅದಕ್ಕೆ ಆರ್ಯಭಟ ಕ್ರಿ.ಶ. 499ರಷ್ಟು ಹಿಂದೆಯೇ ಕೊಟ್ಟ ಕ್ರಮಕ್ಕೆ ಕುಟ್ಟಕ ಎಂದು ಹೆಸರು. ಸಹಗುಣಕಗಳನ್ನು ಕುಟ್ಟಿ ಕುಟ್ಟಿ ಸಣ್ಣದು ಮಾಡುತ್ತಾ ಹೋಗುವುದರಿಂದ ಆ ಹೆಸರು.

ಪರೀಕ್ಷೆಯಲ್ಲಿ ತಾಳೆ ನೋಡಲು ಸಮಯವಿಲ್ಲ. ಬಿಟ್ಟರೆ ಆಗದೇ?

ಅರ್ಧ ನಿಮಿಷದ ಕೆಲಸ, ಆದರೆ ಸರಿಯಾದ ಜಾಗದಲ್ಲಿ ಮಾಡಬೇಕು. ಬಂದ ಉತ್ತರವನ್ನು ನೀವು ಬರೆದ ಸಮೀಕರಣಕ್ಕಲ್ಲ, ಪ್ರಶ್ನೆಯ ವಾಕ್ಯಕ್ಕೆ ಹಾಕಿ ನೋಡಿ. ಸಮೀಕರಣವೇ ತಪ್ಪಿದ್ದರೆ ತಪ್ಪು ಉತ್ತರವೂ ಅದಕ್ಕೆ ಸರಿಯಾಗಿ ಹೊಂದುತ್ತದೆ. ತಾಳೆಯಾದ ಮೇಲೆ ಕೊನೆಯ ಸಾಲನ್ನು ‘ಬ = 70’ ಎಂದು ಬಿಡದೆ ‘ಕುರ್ಚಿಯ ಟಿಕೆಟ್‌ಗಳು 70’ ಎಂದು ಬರೆಯಿರಿ. ಕೇಳಿದ್ದು ಅದನ್ನೇ.